ಖಾಲಿ ಶೆಡ್ಡಿನ ಕಾಫಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಮೊನ್ನೆ ಒಂದು ಚೀಟಿ ಕಾಣಿಸಿಕೊಂಡಿತು. ಯಾವುದೋ ಬಾಲ್ಕನಿಯಿಂದ ಸುಟ್ಟ ಮರದಂಥ ಘಾಟು ಬರುತ್ತಿದೆಯೆಂದೂ, ನೆರೆಹೊರೆಯವರ ಬಗ್ಗೆ ಎಲ್ಲರೂ ಸ್ವಲ್ಪ ಯೋಚಿಸೋಣವೆಂದೂ ಅದರಲ್ಲಿ ಬರೆದಿತ್ತು. ಕೆಳಗೆ ಹೆಸರಿಲ್ಲ, ಮನೆ ನಂಬರಿಲ್ಲ. ಒಂದು ನಗುವ ಮುಖದ ಚಿತ್ರ ಮಾತ್ರ. ಸ್ವೀಡನ್ನಿನಲ್ಲಿ ಸಾಕಷ್ಟು ವರ್ಷ ಕಳೆದವರಿಗೆ ಗೊತ್ತು, ಇಂಥ ಚೀಟಿಯ ಕೆಳಗೆ ನಗುವ ಮುಖ ಇದೆಯೆಂದರೆ ಬರೆದವರಿಗೆ ಸಿಟ್ಟು ನೆತ್ತಿಗೇರಿದೆ ಅಂತಲೇ ಅರ್ಥ. ನಮ್ಮೂರು ಗಂಗೊಳ್ಳಿಯಲ್ಲಾಗಿದ್ದರೆ ಪಕ್ಕದ ಮನೆಯಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದಲ್ಲೇ ನಿಂತು ನಾಲ್ಕು ಮಾತು ಕೇಳಿ, ಸಂಜೆಗೆ ಮೀನು ಸಾರು ಕೊಡಲಿಕ್ಕೆ ತಾನೇ ಬರುತ್ತಿದ್ದಳು. ಇಲ್ಲಿ ಹಾಗಿಲ್ಲ. ಇಲ್ಲಿ ಬಾಯಿ ತೆರೆದು ಕೇಳುವುದೆಂದರೆ ಇನ್ನೊಬ್ಬರ ಮನೆಯ ಬಾಗಿಲು ಒದ್ದ ಹಾಗೆ.

ಆ ಘಾಟು ನಮ್ಮ ಮನೆಯದೇ. ಬಾಲ್ಕನಿಯ ಮೂಲೆಯಲ್ಲಿ, ನನ್ನ ಗಂಡ ರಘುವಿನ ಹಳೆಯ ಸೈಕಲ್ಲಿನ ಹಿಂದೆ, ಒಂದು ತಗಡಿನ ಡಬ್ಬಿಯಿದೆ. ಅದರೊಳಗೆ ಪೈನ್ ಮರದ ಬೇರಿನಿಂದ ಇಳಿಸಿದ ಕಪ್ಪು ಟಾರು, ಇನ್ನು ಅರ್ಧ ಉಳಿದಿದೆ. ಮರದ ದೋಣಿಗೆ ಬಳಿಯುವಂಥದ್ದು. ಬಳಿಯಲಿಕ್ಕೆ ಈಗ ನಮ್ಮ ಹತ್ತಿರ ದೋಣಿಯಿಲ್ಲ. ದೋಣಿ ನಿಲ್ಲಿಸುತ್ತಿದ್ದ ಯಾರ್ಡೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತೇನೆ. ಇದೇನು ಹುಚ್ಚು ಅಂತೀರಾ? ಕೆಲವರಿಗೆ ನಶ್ಯದ ಚಟ ಇರುವುದಿಲ್ಲವೇ, ಹಾಗೆ ಅಂದುಕೊಳ್ಳಿ.

ಯಾರ್ಡು ಸಿಕ್ಕಿದ್ದೂ ಮೂಗಿನಿಂದಲೇ. ಸೋಲ್ನಾ ಎಂಬ ಈ ಊರಿಗೆ ಬಂದ ಮೊದಲ ವರ್ಷಗಳಲ್ಲಿ ನಾನು ಸಂಶೋಧನೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿರುತ್ತಿದ್ದೆ. ಅಲ್ಲಿ ಸ್ಪಿರಿಟ್ಟು ಬಿಟ್ಟರೆ ಯಾವ ವಾಸನೆಯೂ ಇಲ್ಲ. ಈ ದೇಶಕ್ಕೇ ವಾಸನೆಯಿಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ಭಾನುವಾರ ರಘು ಮತ್ತು ನಾನು ಬಸ್ಸಿನ ಕೊನೆಯ ಸ್ಟಾಪಿನವರೆಗೂ ಹೋಗಿ ಮೇಲಾರೆನ್ ಸರೋವರದ ದಂಡೆಯಲ್ಲಿ ಸುಮ್ಮನೆ ನಡೆಯುತ್ತಿದ್ದೆವು. ಗಾಳಿ ತಿರುಗಿತು. ನಾನು ಗಕ್ಕನೆ ನಿಂತೆ. ಎಣ್ಣೆ, ಮರದ ಹೊಟ್ಟು, ಕಾಯಿಸಿದ ರಾಳ. ನಮ್ಮ ಅಜ್ಜಯ್ಯನ ದೋಣಿಚಪ್ಪರದ ವಾಸನೆ! ಮೀನೆಣ್ಣೆಯೊಂದು ಕಡಿಮೆ, ಅಷ್ಟೇ. ರಘು ಬಸವನಗುಡಿಯವನು, ಅವನ ಮೂಗಿಗೆ ಫಿಲ್ಟರ್ ಕಾಫಿ ಮತ್ತು ಒಗ್ಗರಣೆಯ ಹೊರತು ಬೇರೆ ವಾಸನೆ ಗೊತ್ತಿಲ್ಲ. "ಏನೋ ಸುಡ್ತಾ ಇದಾರೆ ಕಣೇ, ಬಾ ಹೋಗೋಣ," ಅಂದ. ನಾನು ಮೂಗಿನ ಹಿಂದೆ ಹೋದೆ, ಅವನು ನನ್ನ ಹಿಂದೆ ಬಂದ.

ಮರಗಳ ಸಂದಿಯಲ್ಲಿ ಕೆಂಪು ಬಣ್ಣದ ದೊಡ್ಡ ಶೆಡ್ಡು, ಅದರ ಮುಂದೆ ತುಕ್ಕು ಹಿಡಿದ ಕ್ರೇನು, ನೀರಿನೊಳಗೆ ಚಾಚಿಕೊಂಡ ಹಲಗೆಯ ಕಟ್ಟೆಗಳು, ಕಟ್ಟೆಗೆ ಕಟ್ಟಿದ ದೋಣಿಗಳ ಸಾಲು. ಒಬ್ಬ ಉದ್ದನೆಯ ಮನುಷ್ಯ ಮಗುಚಿ ಹಾಕಿದ ದೋಣಿಗೆ ಬ್ರಷ್ಷಿನಿಂದ ಟಾರು ಬಳಿಯುತ್ತಿದ್ದರು. ಅವರೇ ಬೆರ್ಟಿಲ್, ಯಾರ್ಡಿನ ಯಜಮಾನರು. ನಾನು ಹತ್ತಿರ ಹೋಗಿ ನನ್ನ ಹರಕು ಸ್ವೀಡಿಷ್‌ನಲ್ಲಿ, "ನನ್ನ ಅಜ್ಜ ದೋಣಿ ಕಟ್ಟುತ್ತಿದ್ದರು," ಅಂದೆ. ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಬ್ರಷ್ಷನ್ನು ಡಬ್ಬಿಗೆ ಅದ್ದಿ, "ನನ್ನ ಅಜ್ಜನೂ," ಅಂದರು. ಒಂದು ಹಲಗೆ ಪೂರ್ತಿ ಬಳಿದಾದ ಮೇಲೆ ಇನ್ನೊಂದು ಬ್ರಷ್ಷು ಎತ್ತಿ ನನ್ನ ಕಡೆ ಚಾಚಿದರು. ಸ್ವೀಡನ್ನಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಉಪಚಾರ ಅದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಮಂತ್ರಿಗೂ ನೀನು, ಡಾಕ್ಟರಿಗೂ ನೀನು, ನನ್ನ ಅಪ್ಪನ ವಯಸ್ಸಿನ ಬೆರ್ಟಿಲ್‌ಗೂ ನೀನು. ಸ್ವೀಡಿಷ್‌ನಲ್ಲಿ ನಾನೂ ಹಾಗೇ ಕರೆಯುತ್ತಿದ್ದೆ. ಆದರೆ ಕನ್ನಡದಲ್ಲಿ ಅವರ ಬಗ್ಗೆ ಮಾತಾಡುವಾಗ ನಾಲಿಗೆ ಕೇಳುವುದಿಲ್ಲ. ಇಲ್ಲಿ ಅವರು 'ಅವರು' ಆಗಿಯೇ ಇರಲಿ.

ಯಾರ್ಡಿನ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ನನಗೆ ತಿಳಿದದ್ದು ಬೆರ್ಟಿಲ್ ವರ್ಷಕ್ಕೊಂದು ವಾಕ್ಯದಂತೆ ಹೇಳಿದ್ದು. ಅವರ ಅಜ್ಜ ಹೊರದ್ವೀಪವೊಂದರಿಂದ ಇಲ್ಲಿಗೆ ಬಂದು, ಬೇಸಿಗೆ ಮನೆಗಳ ಶ್ರೀಮಂತರಿಗೆ ಹುಟ್ಟು ಹಾಕುವ ಸಣ್ಣ ದೋಣಿಗಳನ್ನು ಕಟ್ಟಿಕೊಡುತ್ತಿದ್ದರಂತೆ. ಶೆಡ್ಡು ಕಟ್ಟಿದ್ದು ಅವರೇ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮರದ ದಿಮ್ಮಿಗಳನ್ನು ಆಚೆ ದಡದಿಂದ ಮಂಜುಗಡ್ಡೆಯ ಮೇಲೆ ಕುದುರೆಯಿಂದ ಎಳೆಸಿ ತರಿಸಿದ್ದರಂತೆ. ಅವರ ಮಗ, ಅಂದರೆ ಬೆರ್ಟಿಲ್ ಅವರ ಅಪ್ಪ, ಮೋಟಾರು ದೋಣಿ ಕಟ್ಟಿದರು, ಕ್ರೇನು ತಂದರು. ಬೆರ್ಟಿಲ್ ಕೈಗೆ ಬರುವ ಹೊತ್ತಿಗೆ ಪ್ಲಾಸ್ಟಿಕ್ ದೋಣಿಗಳು ಬಂದಾಗಿತ್ತು. ಕಟ್ಟಿಸಿಕೊಳ್ಳುವವರಿಲ್ಲ. ಅವರು ನೀರಿನಲ್ಲಿ ಕಟ್ಟೆಗಳನ್ನು ಹಾಕಿ, ಬೇಸಿಗೆಯಲ್ಲಿ ಬೇರೆಯವರ ದೋಣಿ ನಿಲ್ಲಿಸಲು ಜಾಗ, ಚಳಿಗಾಲದಲ್ಲಿ ಶೆಡ್ಡಿನೊಳಗೆ ಜಾಗ ಕೊಟ್ಟು ಯಾರ್ಡನ್ನು ಉಳಿಸಿಕೊಂಡರು. ಪ್ಲಾಸ್ಟಿಕ್ ದೋಣಿಗಳನ್ನು ಅವರು 'ಬಕೆಟ್ಟು' ಅನ್ನುತ್ತಿದ್ದರು. ಆದರೆ ಬಕೆಟ್ಟುಗಳನ್ನೂ ಅಷ್ಟೇ ಚೆನ್ನಾಗಿ ತೊಳೆದು ಒಳಗಿಡುತ್ತಿದ್ದರು.

ಆ ಶೆಡ್ಡಿನದೊಂದು ಪದ್ಧತಿಯಿತ್ತು. ಚಳಿಗಾಲಕ್ಕೆ ಮುಂಚೆ ದೋಣಿಗಳನ್ನು ನೀರಿನಿಂದ ಎತ್ತಿ ಒಳಗೆ ಸೇರಿಸುವಾಗ ಎಲ್ಲಕ್ಕಿಂತ ಮೊದಲು ಒಳಹೋಗುವುದು ಅವರ ಮನೆಯ ದೋಣಿ. ಅದರ ಹೆಸರು ಎಲ್ಸಾ. ಅಜ್ಜ ಕಟ್ಟಿ, ಅಜ್ಜಿಯ ಹೆಸರಿಟ್ಟದ್ದು. ಎಲ್ಸಾ ತೀರ ಒಳಗೆ, ಹಿಂದಿನ ಗೋಡೆಗೆ ಹತ್ತಿ ನಿಲ್ಲುತ್ತಿತ್ತು. ಅದರ ಮುಂದೆ ಒಂದಾದ ಮೇಲೆ ಒಂದು ಬೇರೆಯವರವು. ವಸಂತದಲ್ಲಿ ಇದು ಉಲ್ಟಾ. ಬಾಗಿಲ ಬಳಿಯ ಬಕೆಟ್ಟು ಮೊದಲು ನೀರಿಗೆ ಇಳಿಯಬೇಕು, ಕೊನೆಗೆ ಎಲ್ಸಾ. ಎಲ್ಲರ ದೋಣಿ ತೇಲುವವರೆಗೆ ಯಜಮಾನರ ದೋಣಿ ಕಾಯಬೇಕು. ಎಲ್ಸಾ ಹೊರಗೆ ಹೋದ ಮೇಲೆ ಖಾಲಿಯಾದ ಶೆಡ್ಡಿನ ಮಧ್ಯೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಹಲಗೆ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ಹಂಚುತ್ತಿದ್ದರು. ಅದಕ್ಕೆ 'ಖಾಲಿ ಶೆಡ್ಡಿನ ಕಾಫಿ' ಎಂದೇ ಹೆಸರು. ಭಾಷಣವಿಲ್ಲ, ಹಾಡಿಲ್ಲ. ಬೆರ್ಟಿಲ್ ಕೈಗಡಿಯಾರ ನೋಡಿ, "ಹಾಗಾದರೆ ಬೇಸಿಗೆ ಬಂತು," ಅನ್ನುತ್ತಿದ್ದರು. ಹೊರಗೆ ಕೆಲವೊಮ್ಮೆ ಹಿಮ ಬೀಳುತ್ತಿರುತ್ತಿತ್ತು.

ಆ ದಿನಗಳಲ್ಲಿ ಕ್ರೇನು ನಡೆಸಲು ಅವರ ಮಗಳು ಲೇನಾ ಬರುತ್ತಿದ್ದಳು. ಅವಳು ದೂರದ ಓರೆಬ್ರೂ ಊರಿನ ಆಸ್ಪತ್ರೆಯಲ್ಲಿ ನರ್ಸು. ನನ್ನದೇ ವಯಸ್ಸು. ವರ್ಷಕ್ಕೆರಡು ಸಲ, ದೋಣಿ ಇಳಿಸುವಾಗ ಮತ್ತು ಎತ್ತುವಾಗ, ರಜೆ ಹಾಕಿ ಬಂದು ಕ್ರೇನಿನ ಮೇಲೆ ಕೂತರೆ ಊಟಕ್ಕೂ ಇಳಿಯುತ್ತಿರಲಿಲ್ಲ. ಅಪ್ಪ ಕೆಳಗೆ ನಿಂತು ಕೈ ಎತ್ತಿದರೆ ಮಗಳು ನಿಲ್ಲಿಸುವಳು, ಬೆರಳು ಅಲುಗಿಸಿದರೆ ಇಳಿಸುವಳು. ಇಬ್ಬರ ಮಧ್ಯೆ ಇಡೀ ದಿನ ಒಂದು ಮಾತಿಲ್ಲ. ನಾನು ಅದನ್ನು ನೋಡಿ ಎಷ್ಟು ಮೆಚ್ಚಿಕೊಳ್ಳುತ್ತಿದ್ದೆ! ಅಪ್ಪ ಮಗಳೆಂದರೆ ಹೀಗಿರಬೇಕು ಅಂತ ರಘುವಿಗೆ ಹೇಳುತ್ತಿದ್ದೆ. ಮಾತೇ ಬೇಡದಷ್ಟು ಹೊಂದಾಣಿಕೆ ಅಂತ.

ನಮ್ಮ ದೋಣಿಯ ವಿಷಯ ಹೇಳದಿದ್ದರೆ ರಘುವಿಗೆ ಬೇಜಾರಾಗುತ್ತದೆ. ಅದರ ಹಿಂದಿನ ಯಜಮಾನ ತೀರಿಕೊಂಡಿದ್ದ. ಮಕ್ಕಳಿಗೆ ಬೇಡವಾಗಿತ್ತು. ಕೆರೆದು ಬಣ್ಣ ಹಚ್ಚುವ ಮನಸ್ಸಿದ್ದರೆ ತೆಗೆದುಕೊಳ್ಳಿ ಅಂತ ಬೆರ್ಟಿಲ್ ನಮಗೆ ಕೊಟ್ಟುಬಿಟ್ಟರು. ಯುಗಾದಿಯ ಕೂಟದಲ್ಲಿ ಕನ್ನಡದ ಗೆಳೆಯರಿಗೆ ಈ ಸುದ್ದಿ ಹೇಳಿದಾಗ, "ಬೋಟಾ? ನಿಮ್ಮ ಹತ್ರ ಕಾರೇ ಇಲ್ವಲ್ಲೋ!" ಅಂತ ನಕ್ಕರು. ರಘುವಿಗೆ ಈಜು ಬರುವುದಿಲ್ಲವೆಂಬುದು ಅವರಿಗಿನ್ನೂ ಗೊತ್ತಿರಲಿಲ್ಲ. ಮೊದಲ ವಸಂತದಲ್ಲಿ ದೋಣಿಯನ್ನು ನೀರಿಗೆ ಇಳಿಸಿದ ಕೂಡಲೇ ಹಲಗೆಗಳ ಸಂದಿಯಿಂದೆಲ್ಲ ನೀರು ನುಗ್ಗಿತು. ರಘು ಜೀವ ಹೋಗುವವನಂತೆ ಕೂಗಿಕೊಂಡ. ಚಳಿಗಾಲವಿಡೀ ಒಣಗಿದ ಮರ ನೀರು ಕುಡಿದು ಉಬ್ಬಿ ತನ್ನ ಸಂದಿಗಳನ್ನು ತಾನೇ ಮುಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಪಂಪು ಹಾಕಿ ಕಾಯಬೇಕು. ಇದು ನನಗೆ ಗೊತ್ತಿತ್ತು, ಅವನಿಗೆ ಹೇಳಲು ಮರೆತಿದ್ದೆ. ಕ್ರೇನಿನ ಮೇಲೆ ಲೇನಾ ನಗು ತಡೆಯಲಾರದೆ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಮ್ಮ ಕಡೆಯ ಕಥೆ ಪೂರ್ತಿ ಬೇರೆ. ಗಂಗೊಳ್ಳಿಯ ಹೊಳೆಬಾಯಿಯಲ್ಲಿ ನನ್ನ ಅಮ್ಮನ ಅಪ್ಪನ ದೋಣಿಚಪ್ಪರ ಇತ್ತು. ತೆಂಗಿನ ಗರಿಯ ಮಾಡಿನ ಕೆಳಗೆ ಯಾವಾಗಲೂ ಒಂದು ದೋಣಿ ಅರ್ಧ ಪಕ್ಕೆಲುಬು ಬಿಟ್ಟುಕೊಂಡು ನಿಂತಿರುತ್ತಿತ್ತು. ಹಲಗೆಯ ಸಂದಿಗೆ ಹತ್ತಿ ತುರುಕಿ ರಾಳ ಹೊಯ್ಯುವಾಗ ನಾವು ಮಕ್ಕಳು ಸುತ್ತ ಕೂತು ನೋಡಬಹುದಿತ್ತು. ಆದರೆ ಹೆಣ್ಣುಮಕ್ಕಳು ಹಾಸಿದ ಹಲಗೆಯನ್ನು ದಾಟುವ ಹಾಗಿರಲಿಲ್ಲ. ಸುತ್ತುಬಳಸಿ ಹೋಗಬೇಕು. ನಾನು ಒಮ್ಮೆ ಹಾರಿ ದಾಟಿದ್ದಕ್ಕೆ ಅಜ್ಜಯ್ಯ ಬೈಯಲಿಲ್ಲ. ಅಮ್ಮನ ಕಡೆ ನೋಡಿದರು, ಅಮ್ಮ ಬೈದಳು. ಆ ಅಮ್ಮನೇ ಸಣ್ಣವಳಿದ್ದಾಗ ಕದ್ದು ಉಳಿ ಹಿಡಿದು ಕೆತ್ತುತ್ತಿದ್ದಳೆಂದು ಚಿಕ್ಕಮ್ಮ ಹೇಳಿ ಗೊತ್ತು.

ಅಜ್ಜಯ್ಯನ ನಂತರ ಚಪ್ಪರ ಮಾವಂದಿರ ಪಾಲಿಗೆ ಬಂತು. ಫೈಬರ್ ದೋಣಿ ಬಂದಿತ್ತು. ಒಬ್ಬ ಮಾವನಿಗೆ ಫೈಬರ್ ಬೇಕು, ಒಬ್ಬನಿಗೆ ಮರವೇ ಬೇಕು, ಇನ್ನೊಬ್ಬನಿಗೆ ಜಾಗ ಮಾರಿಬಿಡಬೇಕು. ಆ ಜಗಳವನ್ನು ಇಡೀ ಗಂಗೊಳ್ಳಿ ಕೇಳಿತು. ಅಂಗಳದಲ್ಲಿ ಜಗಳ, ಮೀನು ಮಾರ್ಕೆಟ್ಟಿನಲ್ಲಿ ಜಗಳ, ತಿಥಿಯ ಎಲೆಯ ಮುಂದೆ ಜಗಳ. ಯಾರ ಹೊಟ್ಟೆಯಲ್ಲಿ ಏನಿದೆ ಅನ್ನುವುದು ಯಾರಿಗೂ ಗೊತ್ತಿಲ್ಲದಿರಲಿಲ್ಲ. ಕೊನೆಗೆ ಅಲ್ಲೊಂದು ಐಸ್ ಪ್ಲಾಂಟು ಎದ್ದಿತು. ಬಾಯಿ ಮುಚ್ಚಿಕೊಂಡು ಯೋಚಿಸುವ ಜನವಾಗಿದ್ದರೆ ನಮ್ಮ ಚಪ್ಪರ ಉಳಿಯುತ್ತಿತ್ತು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಬೆರ್ಟಿಲ್ ಮತ್ತು ಲೇನಾರನ್ನು ನೋಡಿದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ನನ್ನ ಬುದ್ಧಿವಂತಿಕೆ ಯಾವಾಗಲೂ ಹೀಗೆಯೇ, ಚೆನ್ನಾಗಿ ಯೋಚಿಸಿ ತಪ್ಪು ಜಾಗಕ್ಕೆ ಹೋಗಿ ಮುಟ್ಟುತ್ತದೆ.

ಯಾರ್ಡಿನ ನೆಲ ಕೊಮ್ಮೂನಿನದು, ಅಂದರೆ ಸ್ಥಳೀಯ ಪುರಸಭೆಯದು. ಅಜ್ಜನ ಕಾಲದಿಂದ ಗುತ್ತಿಗೆಯ ಮೇಲೆ ಇವರ ಕೈಯಲ್ಲಿತ್ತು. ಗುತ್ತಿಗೆ ಮುಗಿಯುತ್ತ ಬಂದಾಗ ಪುರಸಭೆ ಕೇಳಿತು: ಮುಂದಿನ ತಲೆಮಾರು ನಡೆಸುವುದಾದರೆ ಇನ್ನೊಂದು ದೀರ್ಘ ಗುತ್ತಿಗೆ ಕೊಡುತ್ತೇವೆ, ಇಲ್ಲವಾದರೆ ಅಲ್ಲಿ ಮನೆಗಳು ಏಳುತ್ತವೆ, ನೀವೇನು ಹೇಳುತ್ತೀರಿ? ಕೇಳುವ ರೀತಿಯೂ ಸಭ್ಯ, ಯೋಚಿಸಲು ಕೊಟ್ಟ ಕಾಲವೂ ಧಾರಾಳ. ಪುರಸಭೆಯನ್ನು ಬೈಯೋಣವೆಂದರೂ ಬೈಯುವಂಥದ್ದೇನೂ ಇಲ್ಲ; ಅದೂ ಒಂದು ಸಂಕಟವೇ.

ಕಳೆದ ಶರತ್ಕಾಲದಲ್ಲಿ ದೋಣಿಗಳನ್ನೆಲ್ಲ ಒಳಗೆ ಸೇರಿಸಿ ಬಾಗಿಲು ಎಳೆದ ಮೇಲೆ ಬೆರ್ಟಿಲ್ ಕೈ ಒರೆಸಿಕೊಳ್ಳುತ್ತ, "ಇದು ಕೊನೆಯ ಸಲ," ಅಂದರು. ನಾಳೆ ಮಳೆ ಬರಬಹುದು ಅನ್ನುವ ಧ್ವನಿಯಲ್ಲಿಯೇ ಅಂದರು. ಬೇಡ ಅಂತ ಅವರು ಪುರಸಭೆಗೆ ತಿಳಿಸಿಯಾಗಿತ್ತು, ಸಹಿಯೂ ಆಗಿತ್ತು. ಸುತ್ತ ನಿಂತ ದೋಣಿಯವರೆಲ್ಲ ಬೂಟಿನ ತುದಿ ನೋಡಿಕೊಂಡರು. "ಹಾಗೋ," ಅಂದರು ಒಬ್ಬರು. "ಹಾಗೋ, ಹಾಗೋ," ಅಂದರು ಇನ್ನೊಬ್ಬರು. ಲೇನಾ ಕ್ರೇನಿನ ಕೀಲಿಯನ್ನು ಮೊಳೆಗೆ ತೂಗುಹಾಕಿ, ರೈಲಿಗೆ ಹೊತ್ತಾಯಿತೆಂದು ಹೊರಟಳು. ನನಗೆ ಅಳು ಬಂತು. ಅಳುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಬಸ್ಸಿನಲ್ಲಿ ಕೂತು ಅತ್ತೆ. ಎದುರು ಸೀಟಿನವನು ಎದ್ದು ಬೇರೆ ಕಡೆ ಹೋಗಿ ಕೂತ, ನನಗೆ ತೊಂದರೆಯಾಗದಿರಲೆಂದು.

ಆ ಚಳಿಗಾಲವಿಡೀ ರಘು ದೋಣಿಗೆ ಜಾಗ ಹುಡುಕಿದ. ಎಲ್ಲ ಕಡೆಯೂ ಕ್ಯೂ. ಸ್ವೀಡನ್ನಿನ ಕ್ಯೂ ಅಂದರೆ ಕಾಲು ನೋಯುವ ಕ್ಯೂ ಅಲ್ಲ, ಆಯಸ್ಸು ಸವೆಯುವ ಕ್ಯೂ. ಕೊನೆಗೆ ಸ್ಯಾಂಡ್‌ವಿಕೆನ್ ಊರಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ಮನುಷ್ಯ ಬಂದು ನಮ್ಮ ದೋಣಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋದ. ಜೂನಿನಲ್ಲಿ ಅವನು ಫೋಟೋ ಕಳಿಸಿದ. ದೋಣಿಯನ್ನು ಮನೆಯ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ನೇರಳೆ ಬಣ್ಣದ ಪೆಟೂನಿಯಾ ಹಾಕಿದ್ದಾನೆ. ಹೂವು ಚೆನ್ನಾಗಿಯೇ ಬಂದಿವೆ. ರಘು ಫೋಟೋವನ್ನು ನೋಡಿ, "ಇನ್ನು ಮುಳುಗೋ ಭಯ ಇಲ್ಲ ಬಿಡು," ಅಂದ. ಆಮೇಲೆ ಎದ್ದು ಪಾತ್ರೆ ತೊಳೆಯಲು ಹೋದವನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ.

ಯಾರ್ಡಿದ್ದ ಕಡೆ ಈಗ ಹೋದರೆ ಹಸಿರು ಬೇಲಿ ಕಾಣುತ್ತದೆ. ಬೇಲಿಯ ಮೇಲೆ ಮುಂದೆ ಬರಲಿರುವ ಮನೆಗಳ ದೊಡ್ಡ ಚಿತ್ರ. ಬಾಲ್ಕನಿಯಲ್ಲಿ ವೈನ್ ಗ್ಲಾಸು ಹಿಡಿದ ಗಂಡಹೆಂಡತಿ, ಅವರ ಮುಂದೆ ನೀಲಿ ನೀರು. ನೀರಿನ ಮೇಲೆ, ಚಿತ್ರ ಬರೆದವರ ಔದಾರ್ಯ, ಒಂದು ಮರದ ದೋಣಿ. ಅದನ್ನು ಎಲ್ಲಿ ಕಟ್ಟುತ್ತಾರೆ, ಚಳಿಗಾಲದಲ್ಲಿ ಎಲ್ಲಿಡುತ್ತಾರೆ ಅಂತ ಚಿತ್ರದಲ್ಲಿಲ್ಲ.

ಈ ವಸಂತದಲ್ಲಿ, ಯಾರ್ಡು ಮುಚ್ಚುವ ಮುಂಚೆ, ಅಮ್ಮ ಬಂದಿದ್ದಳು. ನಮ್ಮ ತಂಗಿಯ ಮನೆ, ಕುಂದಾಪುರದ ಪೇಟೆ, ದೇವಸ್ಥಾನದ ಭಜನೆ ಅಂತ ಸದಾ ಗಡಿಬಿಡಿಯಲ್ಲಿರುವ ಅಮ್ಮನನ್ನು ಹೊರಡಿಸುವುದೇ ಕಷ್ಟವಾಗಿತ್ತು. ದೋಣಿಯ ಯಾರ್ಡು ತೋರಿಸುತ್ತೇನೆ ಅಂದ ಮೇಲೆ ವೀಸಾಕ್ಕೆ ಒಪ್ಪಿದಳು. ಬಂದವಳು ಮನೆಯಲ್ಲಿ ಕೂತದ್ದು ಕಡಿಮೆ. ದೋಣಿಗಳು ಒಂದೊಂದಾಗಿ ಹೊರಗೆ ಹೋಗುತ್ತಿದ್ದ ಆ ದಿನಗಳಲ್ಲಿ, ಸೀರೆಯ ಮೇಲೆ ರಘುವಿನ ಜಾಕೆಟ್ಟು ಹಾಕಿಕೊಂಡು, ತಲೆಗೆ ನನ್ನ ಉಣ್ಣೆ ಟೋಪಿ ಸಿಕ್ಕಿಸಿಕೊಂಡು, ಯಾರ್ಡಿನ ಬೆಂಚಿನ ಮೇಲೆ ಪಂಚಾಯ್ತಿಗೆ ಬಂದವಳ ಹಾಗೆ ಕೂರುತ್ತಿದ್ದಳು.

ಮತ್ತೆ ಪ್ರಶ್ನೆಗಳು! "ಇವರ ಹೆಂಡ್ತಿ ಎಲ್ಲಿದ್ಳ್?" "ಅಡಿಗೆ ಯಾರ್ ಮಾಡ್ತ್ರ್?" "ಮಗಳಿಗೆ ಎಂತಕೆ ಮದಿ ಮಾಡ್ಲಿಲ್ಲ?" ಕೇಳಿ ಹೇಳು, ಕೇಳಿ ಹೇಳು ಅಂತ ನನ್ನ ಜೀವ ತಿನ್ನುತ್ತಿದ್ದಳು. ನಾನು ಇಷ್ಟು ವರ್ಷದಲ್ಲಿ ಈ ದೇಶದ ರೀತಿನೀತಿ ಕಲಿತ ಹೆಂಗಸು. ಹೆಂಡತಿ ಎಲ್ಲಿ ಅನ್ನುವುದನ್ನು, "ಇಲ್ಲಿ ಗಾಳಿ ಚೆನ್ನಾಗಿದೆ ಅನ್ನುತ್ತಾಳೆ," ಅಂತ ಅನುವಾದ ಮಾಡುತ್ತಿದ್ದೆ. ಮದುವೆ ವಿಷಯವನ್ನು, "ಸರೋವರ ತುಂಬ ಸುಂದರವಾಗಿದೆಯಂತೆ," ಅಂತ ಮಾಡುತ್ತಿದ್ದೆ. ಬೆರ್ಟಿಲ್ ಗಂಭೀರವಾಗಿ ತಲೆಯಾಡಿಸಿ, "ಹೌದು, ಹಾಗನ್ನಬಹುದು," ಅನ್ನುತ್ತಿದ್ದರು. ಅದನ್ನು ನಾನು ಅಮ್ಮನಿಗೆ, "ಹೆಂಡ್ತಿ ತೀರಿಹೋಗಿದಾರಂತೆ," ಅಂತ ನನಗೆ ಗೊತ್ತಿದ್ದ ಸಂಗತಿಯಿಂದ ತುಂಬಿ ಹೇಳುತ್ತಿದ್ದೆ. ಹೀಗೆ ಇಬ್ಬರ ಮಧ್ಯೆ ಒಂದು ಸೊಗಸಾದ ಸ್ನೇಹ ಬೆಳೆಯಿತು. ಅಮ್ಮ ಹೊರಗೆ ತಂದ ದೋಣಿಯ ಹಲಗೆಯನ್ನು ಮುಟ್ಟಿ ನೋಡಿ 'ಹ್ಞೂಂ' ಅನ್ನುವಳು, ಅವರೂ 'ಹ್ಞೂಂ' ಅನ್ನುವರು. ನನ್ನ ಅನುವಾದಕ್ಕಿಂತ ಅದೇ ಒಳ್ಳೆಯದಿತ್ತು.

ಕೊನೆಯ ದಿನ ಬಂತು. ಬೇರೆಯವರ ದೋಣಿಗಳೆಲ್ಲ ಹೋಗಿ ಶೆಡ್ಡಿನಲ್ಲಿ ಎಲ್ಸಾ ಒಂದೇ ಉಳಿಯಿತು. ಅದನ್ನು ಇಳಿಸಲಿಲ್ಲ. ಇಳಿಸಿ ಕಟ್ಟುವುದೆಲ್ಲಿ? ಕಟ್ಟೆಗಳನ್ನು ಆಗಲೇ ಕಿತ್ತುಕೊಂಡು ಹೋಗಿದ್ದರು. ಎಲ್ಸಾವನ್ನು ಏನು ಮಾಡುತ್ತೀರಿ ಅಂತ ರಘು ಕೇಳಿದಾಗ ಬೆರ್ಟಿಲ್, "ಅದು ಶೆಡ್ಡಿನ ಜೊತೆ ಹೋಗುತ್ತದೆ," ಅಂದರು. ಶೆಡ್ಡು ಒಡೆಯಲು ಮುಂದಿನ ವಾರ ಯಂತ್ರ ಬರುವುದಿತ್ತು.

ಆದರೂ ಅವರು ಹಲಗೆ ಹಾಕಿದರು. ಫ್ಲಾಸ್ಕು ಬಂತು, ಬನ್ನು ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಖಾಲಿ ಶೆಡ್ಡಿನ ಕಾಫಿಯ ದಿನ ಶೆಡ್ಡು ಖಾಲಿಯಿರಲಿಲ್ಲ. ನಾವು ಐದೇ ಜನ. ಬೆರ್ಟಿಲ್, ಲೇನಾ, ರಘು, ಅಮ್ಮ, ನಾನು. ಅಮ್ಮ ಎದ್ದು ಹೋಗಿ ಎಲ್ಸಾದ ಮುಂಬದಿಗೆ ಅಂಗೈ ಇಟ್ಟು ನಿಂತಳು. ಹಲಗೆಗಳ ಸಂದಿ ಒಣಗಿ ಬಾಯಿಬಿಟ್ಟಿತ್ತು. ಅಲ್ಲಿಂದಲೇ ತಿರುಗಿ ಲೇನಾಳನ್ನು ನೋಡಿದಳು. ಲೇನಾ ತಲೆ ತಗ್ಗಿಸಿಕೊಂಡು ಬನ್ನನ್ನು ಚೂರು ಚೂರು ಮಾಡುತ್ತಿದ್ದಳು, ತಿನ್ನುತ್ತಿರಲಿಲ್ಲ.

"ಆ ಹೆಣ್ಣ್ ಇದೆಲ್ಲ ಬ್ಯಾಡ ಅಂದ್ಳಾ? ಕೇಣ್ ಕಾಂಬ," ಅಂದಳು ಅಮ್ಮ.

"ಸುಮ್ಮನಿರಮ್ಮ. ಅದೆಲ್ಲ ಕೇಳುವ ಹಾಗಿಲ್ಲ ಇಲ್ಲಿ."

"ಎಂತಕೆ ಕೇಂಬುಕಾಗ? ನನ್ನನ್ನ್ ಯಾರೂ ಕೇಣ್ಲಿಲ್ಲ. ಮೂರ್ ಗಂಡ್ಮಕ್ಳನ್ನ ಕೇಂಡ್ರ್, ನನ್ನನ್ನ್ ಕೇಣ್ಲಿಲ್ಲ. ನನಗೆ ಬೇಕಿತ್ತ್. ನೀ ಕೇಣ್."

ಅಮ್ಮ ಇದನ್ನು ಎಂದೂ ಹೇಳಿದವಳಲ್ಲ. ಐಸ್ ಪ್ಲಾಂಟಿನ ಮುಂದೆ ನಾವು ಎಷ್ಟು ಸಲ ಬಸ್ಸಿಗೆ ಕಾದಿದ್ದೆವು, ಒಂದು ಸಲವೂ ಹೇಳಲಿಲ್ಲ. ಅವಳ ಧ್ವನಿ ಏರಿರಲಿಲ್ಲ. ಅಜ್ಜಯ್ಯನಿಗೆ ಕೇಳದಷ್ಟು ಮೆತ್ತಗೆ ಮಾತಾಡುವ ರೂಢಿ ಇನ್ನೂ ಉಳಿದಿತ್ತೋ ಏನೋ. ಈ ಸಲ ಗಾಳಿ ಚೆನ್ನಾಗಿದೆ ಅಂತ ಅನುವಾದಿಸಲು ಆಗಲಿಲ್ಲ.

"ಲೇನಾ, ನಿನಗೆ ಯಾರ್ಡು ಬೇಡವಾಗಿತ್ತೇ ಅಂತ ನನ್ನ ಅಮ್ಮ ಕೇಳುತ್ತಿದ್ದಾಳೆ," ಅಂದೆ.

ರಘು ನನ್ನ ಕಾಲನ್ನು ಹಲಗೆಯ ಕೆಳಗೆ ಒತ್ತಿದ. ತಡವಾಗಿತ್ತು.

ಲೇನಾ ಬನ್ನಿನ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. "ಬೇಡವಾಗಿತ್ತು ಅಂತಲ್ಲ," ಅಂದಳು. ಚೂರೊಂದನ್ನು ಬೆರಳಿನಿಂದ ಒತ್ತುತ್ತ, "ಅಪ್ಪ ಕೇಳಿದರೆ ಬರೋಣ ಅಂತಿದ್ದೆ. ಆಸ್ಪತ್ರೆಯಲ್ಲೂ ಹೇಳಿಟ್ಟಿದ್ದೆ. ಅವನು ಕೇಳಲಿಲ್ಲ. ತನ್ನ ಜೊತೆಗೇ ಮುಗಿಸಬೇಕು ಅಂತ ಅವನ ಮನಸ್ಸಿನಲ್ಲಿ ಇರಬಹುದು ಅಂದುಕೊಂಡೆ. ಅವನದಲ್ಲವೇ ಯಾರ್ಡು. ನಾನಾಗಿ ಕೇಳಿ ಒತ್ತಾಯ ಮಾಡುವುದು ಸರಿ ಕಾಣಲಿಲ್ಲ."

ಅಪ್ಪನ ಕಡೆ ನೋಡದೆ, ನನಗೆ ಹೇಳಿದಂತೆ ಹೇಳಿದಳು. ಅಪ್ಪ ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದರು.

ಬೆರ್ಟಿಲ್ ತಮ್ಮ ಕಪ್ಪನ್ನು ಕೆಳಗಿಟ್ಟರು. ಅವರೂ ನನಗೇ ಹೇಳಿದರು. "ಅವಳಿಗೆ ಅಲ್ಲಿ ಕೆಲಸ ಇದೆ. ಸ್ನೇಹಿತರಿದ್ದಾರೆ. ನಾನು ಕೇಳಿದರೆ ಬೇಡ ಅನ್ನಲು ಅವಳಿಗೆ ಕಷ್ಟವಾಗುತ್ತಿತ್ತು. ನನಗೋಸ್ಕರ ಹೂಂ ಅನ್ನುತ್ತಿದ್ದಳು. ಅವಳ ಮೇಲೆ ಹೊರೆ ಹಾಕಬಾರದು ಅಂತ ನಾನೇ ಬೇಡ ಅಂದುಬಿಟ್ಟೆ."

ತಗಡಿನ ಮಾಡಿನ ಮೇಲೆ ಯಾವುದೋ ಹಕ್ಕಿ ನಡೆದಾಡುವ ಸದ್ದು ಕೇಳಿಸಿತು. ರಘು ನನ್ನ ಕಾಲಿನ ಮೇಲಿಂದ ತನ್ನ ಕಾಲು ತೆಗೆದ.

ಎಷ್ಟು ಒಳ್ಳೆಯ ಜನ! ಆ ಕ್ಷಣದಲ್ಲಿ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ನಮ್ಮ ಮಾವಂದಿರಂತೆ ಒಮ್ಮೆ, ಒಂದೇ ಒಂದು ಸಲ, ಅಂಗಳದಲ್ಲಿ ನಿಂತು ಕೂಗಾಡಬಾರದಿತ್ತೇ? ಕೂಗಾಡಿದ ನಮ್ಮ ಚಪ್ಪರವೂ ಉಳಿಯಲಿಲ್ಲ ಅನ್ನುವುದು ಮರುಕ್ಷಣವೇ ನೆನಪಾಗಿ, ಆ ಸಿಟ್ಟಿಗೂ ಅರ್ಥವಿಲ್ಲದಂತಾಯಿತು. ಸಹಿಯಾಗಿತ್ತು. ಹೊರಗೆ ಆಗಲೇ ಎದ್ದಿದ್ದ ಬೇಲಿಯ ಚಿತ್ರದಲ್ಲಿ ಗಂಡಹೆಂಡತಿ ವೈನು ಕುಡಿಯುತ್ತಿದ್ದರು. ಈಗ ಇಬ್ಬರಿಗೂ ಗೊತ್ತಾದದ್ದರಿಂದ ಯಾವ ಹಲಗೆಯೂ ಉಳಿಯುವ ಹಾಗಿರಲಿಲ್ಲ. ಗೊತ್ತಾಗದೆ ಇದ್ದಿದ್ದರೆ ಅಪ್ಪ ಮಗಳಿಗೋಸ್ಕರ, ಮಗಳು ಅಪ್ಪನಿಗೋಸ್ಕರ ಒಂದು ತ್ಯಾಗ ಮಾಡಿದೆವೆಂಬ ಸಮಾಧಾನವಾದರೂ ಇರುತ್ತಿತ್ತು. ಅದನ್ನೂ ನನ್ನ ಬಾಯಿಂದಲೇ ಕಳೆದೆ.

ಬೆರ್ಟಿಲ್ ಮೊದಲ ಬಾರಿಗೆ ಮಗಳ ಕಡೆ ತಿರುಗಿದರು. ಏನೋ ಹೇಳುವವರಂತೆ ತುಟಿ ಅಲುಗಿತು. ಲೇನಾ ಕಾದಳು. ಅವಳು ಕ್ರೇನಿನ ಮೇಲೆ ಕೂತು ಅವರ ಕೈಯನ್ನೇ ನೋಡುತ್ತ ಕಾಯುತ್ತಿದ್ದಳಲ್ಲ, ಅದೇ ಮುಖ. ಅವರ ಕೈ ಮೇಲೆದ್ದಿತು, ಫ್ಲಾಸ್ಕಿನ ಕಡೆ ಹೋಯಿತು. ಅವಳ ಕಪ್ಪಿಗೆ ಕಾಫಿ ಬಗ್ಗಿಸಿದರು. ತುಂಬಿದ್ದ ಕಪ್ಪಿಗೇ ಬಗ್ಗಿಸಿದರು. ಕಾಫಿ ಹೊರಚೆಲ್ಲಿ ಹಲಗೆಯ ಮೇಲೆ ಹರಿಯಿತು. ಇಬ್ಬರೂ ಅದನ್ನು ಒರೆಸಲಿಲ್ಲ.

"ಹಾಗೋ," ಅಂದರು ಬೆರ್ಟಿಲ್.

"ಹೌದು," ಅಂದಳು ಲೇನಾ. ಇಲ್ಲಿಯ ಜನ ಮಾಡುವ ಹಾಗೆ ಉಸಿರನ್ನು ಒಳಗೆಳೆದುಕೊಂಡು, ಮಾತಿನ ಜೊತೆ ಗಾಳಿಯನ್ನೂ ನುಂಗಿಕೊಂಡು ಅಂದಳು.

ಆಮೇಲೆ ಬೆರ್ಟಿಲ್ ಇನ್ನೊಂದು ಮಾತು ಆಡಿದರು. ಕಪ್ಪನ್ನು ಅವಳ ಕಡೆ ಮೆಲ್ಲಗೆ ಸರಿಸಿ ಆಡಿದರು.

ಅಮ್ಮ ಎಲ್ಸಾವನ್ನು ಬಿಟ್ಟು ಬಂದು ನನ್ನ ಭುಜ ಹಿಡಿದಳು. "ಎಂತ ಅಂದ್ರ್? ಬೇಗ ಹೇಳ್. ಮಗಳಿಗೆ ಎಂತ ಅಂದ್ರ್?"

"ಕಾಫಿ ಆರಿ ಹೋಗ್ತದೆ, ಕುಡಿ ಅಂದ್ರು."

"ಅಷ್ಟೇಯಾ?"

"ಅಷ್ಟೇ ಅಮ್ಮ."